ಪದವಿನ ಮಣ್ಣು, ರೋಗಿಯ ಕೈ

ತುಳುನಾಡಿನ ಊರುಗಳ ಹೆಸರಿನ ಕೊನೆಯಲ್ಲಿ ಬರುವ 'ಪದವು' ಎಂಬ ಮಾತಿಗೆ ಒಂದು ನಿರ್ದಿಷ್ಟ ಅರ್ಥವಿದೆ. ಗುಡ್ಡದ ನೆತ್ತಿಯಲ್ಲಿ ಹರಡಿಕೊಂಡಿರುವ, ಮುರಕಲ್ಲಿನ ಹಾಸು ಮೇಲೆಯೇ ಕಾಣುವ ಸಮತಟ್ಟು ಜಾಗ ಅದು. ಮಳೆಗಾಲದಲ್ಲಿ ಅಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆಯುತ್ತದೆ. ದೀಪಾವಳಿ ಕಳೆಯುವಷ್ಟರಲ್ಲಿ ಒಣಗುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ಇರುವ ವಾಮದಪದವು ಈ ಬಗೆಯ ಹೆಸರನ್ನು ಹೊತ್ತ ಊರು. ಮಂಗಳೂರಿನ ಪದವಿನಂಗಡಿಯೂ ಅದೇ ಬಳಗಕ್ಕೆ ಸೇರಿದ್ದು.

ಈ ಸೀಮೆಯ ರೈತ ತನ್ನ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿಕೊಂಡಿದ್ದ. ನೀರು ಸದಾ ಇರುವುದು ಬೈಲು, ಸ್ವಲ್ಪ ಕಾಲ ಇರುವುದು ಮಜಲು, ಮಳೆಯನ್ನೇ ನಂಬಿರುವುದು ಬೆಟ್ಟು. 1801ರ ಆರಂಭದಲ್ಲಿ ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮೂಲಕ ಹಾದುಹೋದ ವೈದ್ಯ ಮತ್ತು ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕಾನನ್ ಈ ವಿಂಗಡಣೆಯನ್ನು ಬರೆದಿಟ್ಟಿದ್ದಾನೆ. ಮುರಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರು ಕೊಟ್ಟವನೂ ಇವನೇ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಆ ಶಬ್ದ ಮೊದಲು ಕಾಣಿಸಿತು. ಪದವು ಈ ಮೂರು ವರ್ಗಗಳಿಗೂ ಸೇರದೆ ಹೊರಗೆ ಉಳಿದ ಭೂಮಿ. ಅಲ್ಲಿ ದನ ಮೇಯುತ್ತಿತ್ತು, ಸೊಪ್ಪು ಕಡಿಯುತ್ತಿದ್ದರು, ಅಷ್ಟೆ.

ಸಮಾಜಕ್ಕೆ ಬೇಡವಾದ ಭೂಮಿಗೂ ಸಮಾಜಕ್ಕೆ ಬೇಡವಾದ ಮನುಷ್ಯರಿಗೂ ಒಂದು ನಂಟಿದೆ. ಸಾಂಕ್ರಾಮಿಕ ರೋಗಿಗಳ ಬಿಡಾರವಿರಲಿ, ಕುಷ್ಠಾಶ್ರಮವಿರಲಿ, ಅದಕ್ಕೆ ದೊರೆಯುತ್ತಿದ್ದುದು ಊರಂಚಿನ ಇಂಥ ಬೋಳು ಜಾಗವೇ. ಕ್ರೈಸ್ತ ಶುಶ್ರೂಷೆಯ ಚರಿತ್ರೆಯನ್ನು ಈ ಮಣ್ಣಿನ ಕಡೆಯಿಂದ ನೋಡಿದರೆ ಒಂದು ಕುತೂಹಲದ ಸಂಗತಿ ಕಾಣಿಸುತ್ತದೆ: ಆಸ್ಪತ್ರೆಯ ಬದಿಯಲ್ಲಿ ಬಹುಮಟ್ಟಿಗೆ ಎಲ್ಲೆಡೆಯೂ ಒಂದು ತೋಟ ಇರುತ್ತಿತ್ತು. ಇಂದು ಪಶ್ಚಿಮದ ನಗರಗಳಲ್ಲಿ 'ಸಮುದಾಯ ತೋಟ'ಗಳ ಆರೋಗ್ಯ ಲಾಭದ ಬಗ್ಗೆ ನಡೆಯುತ್ತಿರುವ ಚರ್ಚೆಗೆ ಆ ಹಳೆಯ ತೋಟಗಳಲ್ಲಿ ಒಂದು ಪೂರ್ವಪೀಠಿಕೆ ಸಿಗುತ್ತದೆ.

ಮಠದ ಔಷಧಿ ತೋಟ

ಕ್ರೈಸ್ತ ಧರ್ಮದಲ್ಲಿ ಗುಣಪಡಿಸುವಿಕೆಗೆ ಮೊದಲಿನಿಂದಲೂ ಎರಡು ಮುಖಗಳಿವೆ. ಒಂದು ಪ್ರಾರ್ಥನೆ, ತೈಲಲೇಪನ, ತಲೆಯ ಮೇಲೆ ಕೈಯಿಟ್ಟು ಹರಸುವುದು. ಇನ್ನೊಂದು ಗಾಯ ತೊಳೆದು, ಗಂಜಿ ಕುಡಿಸಿ, ಹಾಸಿಗೆ ಒದಗಿಸುವುದು. ಸುವಾರ್ತೆಗಳಲ್ಲಿ ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದ ಪ್ರಸಂಗ ಎರಡಕ್ಕೂ ಮೂಲ. ಆ ಕಥೆಯಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಯಾರೂ ಮುಟ್ಟದವನನ್ನು ಮೊದಲು ಮುಟ್ಟಿದ್ದು, ಬಳಿಕ ಅವನನ್ನು ಸಮಾಜಕ್ಕೆ ಮರಳಿ ಕಳುಹಿಸಿದ್ದು. ಕಾಯಿಲೆ ವಾಸಿಯಾಗುವುದು ಮತ್ತು ಮನುಷ್ಯರ ನಡುವೆ ಮತ್ತೆ ಜಾಗ ಸಿಗುವುದು ಅಲ್ಲಿ ಒಟ್ಟಿಗೇ ನಡೆಯುತ್ತವೆ.

ಯೂರೋಪಿನ ಮಠಗಳು ಎರಡನೆಯ ಮುಖವನ್ನು ಸಂಸ್ಥೆಯಾಗಿ ಬೆಳೆಸಿದವು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಗ್ರಂಥಭಂಡಾರದಲ್ಲಿ ಒಂಬತ್ತನೆಯ ಶತಮಾನದ ಆರಂಭದ ಒಂದು ನಕ್ಷೆ ಇಂದಿಗೂ ಉಳಿದಿದೆ. ಒಂದು ಆದರ್ಶ ಮಠ ಹೇಗಿರಬೇಕೆಂದು ತೋರಿಸುವ ಆ ನಕ್ಷೆಯಲ್ಲಿ ವೈದ್ಯನ ಮನೆಯ ಪಕ್ಕದಲ್ಲೇ ಮೂಲಿಕೆಗಳ ತೋಟವಿದೆ. ತರಕಾರಿ ಮಡಿಗಳು ಬೇರೆ. ಹನ್ನೆರಡನೆಯ ಶತಮಾನದ ಜರ್ಮನ್ ಸನ್ಯಾಸಿನಿ ಹಿಲ್ಡೆಗಾರ್ಡ್ ಗಿಡಮೂಲಿಕೆಗಳ ಗುಣಗಳನ್ನು ಕುರಿತು ಬರೆದರು.

ಈ ಪರಂಪರೆ ಪಶ್ಚಿಮ ಕರಾವಳಿಗೆ ಬಂದಾಗ ಇಲ್ಲಿನ ಜ್ಞಾನದ ಮುಂದೆ ವಿದ್ಯಾರ್ಥಿಯಾಗಬೇಕಾಯಿತು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಹೊರಬಂದ 'ಹೊರ್ತುಸ್ ಮಲಬಾರಿಕುಸ್' ಗ್ರಂಥವನ್ನು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ. ಕಾರ್ಮೆಲೈಟ್ ಪಾದ್ರಿ ಮ್ಯಾಥ್ಯೂ ಅದರ ಆರಂಭದ ಕೆಲಸದಲ್ಲಿ ನೆರವಾದರು. ಆದರೆ ಗಿಡಗಳ ಗುಣ ಹೇಳಿಕೊಟ್ಟವರು ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಬ್ರಾಹ್ಮಣರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಈ ಮೂವರ ಕೊಂಕಣಿ ಸಾಕ್ಷ್ಯಪತ್ರ ಮೊದಲ ಸಂಪುಟದಲ್ಲಿ ನಾಗರಿ ಲಿಪಿಯಲ್ಲೇ ಅಚ್ಚಾಗಿದೆ.

ಕಂಕನಾಡಿಯ ಮುಲ್ಲರ್

ದಕ್ಷಿಣ ಕನ್ನಡದಲ್ಲಿ ಕ್ರೈಸ್ತ ಶುಶ್ರೂಷೆ ಎಂದೊಡನೆ ನೆನಪಾಗುವ ಹೆಸರು ಫಾದರ್ ಮುಲ್ಲರ್ ಅವರದು. ಜರ್ಮನಿಯ ವೆಸ್ಟ್‌ಫಾಲಿಯದಲ್ಲಿ 1841ರಲ್ಲಿ ಹುಟ್ಟಿದ ಅಗಸ್ಟಸ್ ಮುಲ್ಲರ್, ಮಂಗಳೂರು ಪ್ರಾಂತದ ಹೊಣೆ ಹೊತ್ತ ಜೆಸ್ವಿತ್ ಪಾದ್ರಿಗಳ ಮೊದಲ ತಂಡದೊಡನೆ 1878ರ ಕೊನೆಯ ದಿನ ಇಲ್ಲಿಗೆ ಬಂದಿಳಿದರು. ಬಂದದ್ದು ಪಾಠ ಹೇಳಲು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅವರು ಅಧ್ಯಾಪಕರಾಗಿದ್ದರು. ಬಿಡುವಿನ ವೇಳೆಯಲ್ಲಿ ಹೋಮಿಯೋಪತಿ ಔಷಧಿ ಹಂಚುತ್ತಿದ್ದುದು ಬೆಳೆದು, ಅದೇ ವರ್ಷ ಕಂಕನಾಡಿಯಲ್ಲಿ ಬಡವರ ಔಷಧಾಲಯವಾಯಿತು. ಆಲದ ಮರದ ನೆರಳಿನಲ್ಲಿ ಅದು ಆರಂಭವಾಯಿತೆಂಬುದು ಸಂಸ್ಥೆ ಇಂದಿಗೂ ಹೇಳಿಕೊಂಡು ಬಂದಿರುವ ನೆನಪು. ಆಗಿನ ಕಂಕನಾಡಿ ಪೇಟೆಯ ಅಂಚಿನ ಗುಡ್ಡ.

1890ರಲ್ಲಿ ಅಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠರೋಗಿಗಳ ಆಸ್ಪತ್ರೆ ಆರಂಭವಾಯಿತು. 1902ರಲ್ಲಿ ಪ್ಲೇಗು ಬಂದಾಗ ಅದಕ್ಕೂ ಪ್ರತ್ಯೇಕ ಆಸ್ಪತ್ರೆಯಾಯಿತು. 1910ರ ನವೆಂಬರ್ 1ರಂದು ಮುಲ್ಲರ್ ತೀರಿಕೊಂಡರು. ಅವರು ಬಿಟ್ಟುಹೋದದ್ದು ಇಂದು ವೈದ್ಯಕೀಯ ಕಾಲೇಜುಗಳುಳ್ಳ ದೊಡ್ಡ ಸಂಸ್ಥೆ.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. 1890ರಲ್ಲಿ ಕುಷ್ಠಕ್ಕೆ ಯಾವ ಮದ್ದಿತ್ತು? ನಾರ್ವೆಯ ಹ್ಯಾನ್ಸನ್ 1873ರಲ್ಲಿ ರೋಗಾಣುವನ್ನು ಗುರುತಿಸಿದ್ದ, ನಿಜ. ಆದರೆ ಅದನ್ನು ಕೊಲ್ಲುವ ಸಲ್ಫೋನ್ ವರ್ಗದ ಔಷಧಿಗಳು ಬಳಕೆಗೆ ಬಂದದ್ದು 1940ರ ದಶಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧಿ ಚಿಕಿತ್ಸೆಯನ್ನು ಶಿಫಾರಸು ಮಾಡಿದ್ದು 1982ರ ಸುಮಾರಿಗೆ. ಹೋಮಿಯೋಪತಿಯಿಂದ ಕುಷ್ಠ ವಾಸಿಯಾಗುತ್ತದೆಂಬುದಕ್ಕೆ ವಿಜ್ಞಾನದ ಆಧಾರವಿಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಗರುಡಫಲದ ಬೀಜದ ಎಣ್ಣೆಯನ್ನು ದೇಶೀ ವೈದ್ಯರೂ ಮುಂದೆ ಬ್ರಿಟಿಷ್ ವೈದ್ಯರೂ ಬಳಸಿದರು. ಅದರ ಫಲ ಅನಿಶ್ಚಿತವಾಗಿಯೇ ಉಳಿಯಿತು.

ಎಂದ ಮೇಲೆ ಅರ್ಧ ಶತಮಾನದ ಕಾಲ ಇಂಥ ಆಸ್ಪತ್ರೆಗಳು ಕೊಟ್ಟದ್ದೇನು? ಸೂರು, ಊಟ, ಹುಣ್ಣಿಗೆ ಬಟ್ಟೆ ಕಟ್ಟುವ ಕೈ, ಹೆಸರು ಹಿಡಿದು ಕರೆಯುವ ಬಾಯಿ. ಮನೆಯವರೇ ಹೊರಗೆ ಹಾಕಿದವರಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ರೋಗ ವಾಸಿಯಾಗದಿದ್ದರೂ ರೋಗಿ ಒಂದಿಷ್ಟು ಚೇತರಿಸಿಕೊಳ್ಳಬಲ್ಲ ಎಂಬುದು ಈ ಆಸ್ಪತ್ರೆಗಳ ಅನುಭವದ ಸಾರ.

ತೋಟವೆಂಬ ಚಿಕಿತ್ಸೆ, ತೋಟವೆಂಬ ಬೇಲಿ

ಐರಿಷ್ ಮೂಲದ ವೆಲ್ಲೆಸ್ಲಿ ಬೈಲಿ 1874ರಲ್ಲಿ ಸ್ಥಾಪಿಸಿದ ಕುಷ್ಠರೋಗಿಗಳ ಮಿಷನ್ ಭಾರತದಾದ್ಯಂತ ಆಶ್ರಮಗಳಿಗೆ ನೆರವು ನೀಡಿತು. ಇಂಥ ಆಶ್ರಮಗಳಲ್ಲಿ ತೋಟದ ಕೆಲಸ ಸಾಮಾನ್ಯವಾಗಿತ್ತು. ಮೊದಲಿಗೆ ಅದರ ಉದ್ದೇಶ ಅಡಿಗೆಮನೆಯ ಖರ್ಚು ಉಳಿಸುವುದು. 1920ರ ದಶಕದ ಹೊತ್ತಿಗೆ ಕಲ್ಕತ್ತೆಯಲ್ಲಿ ಕೆಲಸ ಮಾಡುತ್ತಿದ್ದ ಡಾ. ಅರ್ನೆಸ್ಟ್ ಮ್ಯೂರ್ ಅವರಂಥ ತಜ್ಞರು ಎಣ್ಣೆಯ ಚುಚ್ಚುಮದ್ದಿನಷ್ಟೇ ಮುಖ್ಯ ಒಳ್ಳೆಯ ಆಹಾರ ಮತ್ತು ದೇಹಶ್ರಮ ಎಂದು ಒತ್ತಿಹೇಳತೊಡಗಿದರು. ಗುದ್ದಲಿ ಚಿಕಿತ್ಸೆಯ ಭಾಗವಾಯಿತು.

ಈ ಚಿತ್ರವನ್ನು ಪೂರ್ತಿ ಹಸಿರು ಬಣ್ಣದಲ್ಲಿ ಬರೆದರೆ ಅನ್ಯಾಯವಾಗುತ್ತದೆ. 1898ರ ಕುಷ್ಠರೋಗಿಗಳ ಕಾಯಿದೆ ನಿರ್ಗತಿಕ ರೋಗಿಯನ್ನು ಹಿಡಿದು ಆಶ್ರಮಕ್ಕೆ ಸೇರಿಸಲು ಅಧಿಕಾರ ಕೊಟ್ಟಿತ್ತು. ಎಷ್ಟೋ ಆಶ್ರಮಗಳಲ್ಲಿ ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆ ಇಡುತ್ತಿದ್ದರು. ಮಕ್ಕಳನ್ನು ತಾಯಿಯಿಂದ ದೂರ ಮಾಡುತ್ತಿದ್ದರು. ಅಲ್ಲಿನ ತೋಟಕ್ಕೆ ಬೇಲಿಯಿತ್ತು, ಆ ಬೇಲಿ ದನಗಳನ್ನು ಹೊರಗಿಡುವುದಕ್ಕಷ್ಟೇ ಇರಲಿಲ್ಲ.

ಮಿಷನ್‌ಗಳ ಕೃಷಿ ವಸಾಹತುಗಳ ಕಥೆಯೂ ಇದನ್ನೇ ಹೇಳುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ 1840ರಲ್ಲಿ ಕಲೆಕ್ಟರ್ ಬ್ಲೇರ್ ಬಲ್ಮಠದ ಗುಡ್ಡವನ್ನು ಕೊಟ್ಟ. ಮತಾಂತರಗೊಂಡು ಜಾತಿಯಿಂದ ಹೊರಬಿದ್ದವರಿಗೆ ಕೃಷಿಯಲ್ಲಿ ನೆಲೆ ಒದಗಿಸಲು ಮಿಷನ್ ಮಾಡಿದ ಮೊದಲ ಪ್ರಯತ್ನಗಳು ಹೆಚ್ಚು ಫಲಿಸದೆ, ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಆ ಹೊಣೆ ಹೊತ್ತವು. 'ಮಂಗಳೂರ ಸಮಾಚಾರ'ದ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿನಲ್ಲಿ ಕಟ್ಟಿದ ಆನಂದಪುರವೂ ಇಂಥದೇ ಕನಸು. ಜೀತದಿಂದ ಹೊರಬಂದವರಿಗೆ ನೆಲ ಸಿಕ್ಕಿತು. ಅದರೊಡನೆ ಮಿಷನ್ನಿನ ಶಿಸ್ತೂ ಬಂತು. ಒಂದೇ ಮಣ್ಣು ಬಿಡುಗಡೆಯೂ ಆಗಬಹುದು, ಅಧೀನತೆಯೂ ಆಗಬಹುದು. ಅದು ಯಾವುದಾಗುತ್ತದೆ ಎಂಬುದು ಬೆಳೆ ಯಾರ ಕೈ ಸೇರುತ್ತದೆ, ಮಾತು ಯಾರದು ನಡೆಯುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ.

ಗುದ್ದಲಿಗೆ ಇನ್ನೊಂದು ಅಪಾಯವೂ ಇತ್ತು. ಅದನ್ನು ಅರ್ಥಮಾಡಿಸಿದವರು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್. ಕುಷ್ಠರೋಗಿಯ ಬೆರಳು ರೋಗದಿಂದ ಕೊಳೆತು ಬೀಳುವುದಿಲ್ಲ. ನರ ಸತ್ತು ನೋವು ತಿಳಿಯದಿರುವುದರಿಂದ, ಸುಟ್ಟರೂ ಕೊಯ್ದರೂ ಎಚ್ಚರವಾಗದೆ, ಗಾಯದ ಮೇಲೆ ಗಾಯವಾಗಿ ಮೊಟಕಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಸೀಳಿದ ಹಿಡಿಯ ಗುದ್ದಲಿಯನ್ನು ಒಬ್ಬ ರೋಗಿ ರಕ್ತ ಸುರಿದರೂ ಬಿಡದೆ ಹಿಡಿದಿರಬಲ್ಲ. ಹಾಗೆಂದು ಕೆಲಸ ಬಿಡಿಸುವುದು ಪರಿಹಾರವಾಗಲಿಲ್ಲ. ಕೈಯ ಶಸ್ತ್ರಚಿಕಿತ್ಸೆ, ಉಪಕರಣಗಳಿಗೆ ತಕ್ಕ ಹಿಡಿ, ದಿನವೂ ಕೈ ನೋಡಿಕೊಳ್ಳುವ ಅಭ್ಯಾಸ, ಇವು ಪರಿಹಾರವಾದವು. ವಾಸಿಯಾದ ಕೈಗೆ ಮಾಡಲು ಕೆಲಸವಿಲ್ಲದಿದ್ದರೆ ಅದು ಮತ್ತೆ ಭಿಕ್ಷಾಪಾತ್ರೆಯನ್ನೇ ಹಿಡಿಯುತ್ತದೆ ಎಂಬುದು ವೆಲ್ಲೂರಿನಲ್ಲಿ ಬಹುಬೇಗ ಅರಿವಿಗೆ ಬಂತು.

ವೆಲ್ಲೂರಿನ ಬಳಿಯ ಕರಿಗಿರಿಯಲ್ಲಿ 1955ರಲ್ಲಿ ಕುಷ್ಠರೋಗ ಸಂಶೋಧನಾ ಆಸ್ಪತ್ರೆ ಆರಂಭವಾಯಿತು. ಸಿಕ್ಕ ಜಾಗ ಯಥಾಪ್ರಕಾರ ಕಲ್ಲುಗುಡ್ಡದ ಬುಡದ ಬರಡು ನೆಲ. ಅಲ್ಲಿ ಶಸ್ತ್ರವೈದ್ಯರಾಗಿ, ಮುಂದೆ ನಿರ್ದೇಶಕರಾಗಿ ದುಡಿದ ಡಾ. ಅರ್ನೆಸ್ಟ್ ಫ್ರಿಟ್‌ಶಿ, ರೋಗಿಗಳ ಕೈ ಸರಿಪಡಿಸುವುದರ ಜೊತೆಗೆ ಆ ನೆಲವನ್ನೂ ಕೈಗೆತ್ತಿಕೊಂಡರು. ಮಳೆನೀರು ಓಡದಂತೆ ಬದುಗಳಾದವು, ಸಾವಿರಾರು ಗಿಡಗಳು ನೆಟ್ಟವು, ಬರಡು ಆವರಣ ಕ್ರಮೇಣ ತೋಪಾಯಿತು. ಪದವಿನ ಮಣ್ಣು ನೋಡಿ ಬಲ್ಲವರಿಗೆ ಈ ಕೆಲಸದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಮನಸ್ಸಿನ ಗಾಯಕ್ಕೆ

ದೇಹದ ರೋಗಕ್ಕಿಂತ ಮನಸ್ಸಿನ ರೋಗದಲ್ಲಿ ತೋಟದ ಪಾತ್ರ ಇನ್ನೂ ಸ್ಪಷ್ಟ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕ್ವೇಕರ್ ಪಂಥದ ಚಹಾ ವ್ಯಾಪಾರಿ ವಿಲಿಯಂ ಟ್ಯೂಕ್ 1796ರಲ್ಲಿ 'ರಿಟ್ರೀಟ್' ಎಂಬ ಆಶ್ರಯಧಾಮವನ್ನು ತೆರೆದ. ಅದಕ್ಕೆ ಕೆಲವು ವರ್ಷ ಮೊದಲು ಆ ಪಂಥದ ಹೆಂಗಸೊಬ್ಬಳು ಅಲ್ಲಿನ ಹುಚ್ಚಾಸ್ಪತ್ರೆಯಲ್ಲಿ ದಾರುಣವಾಗಿ ಸತ್ತಿದ್ದಳು. ಸರಪಳಿ, ಹೊಡೆತಗಳೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ ರಿಟ್ರೀಟಿನ ರೋಗಿಗಳು ತೋಟದಲ್ಲಿ ಕೆಲಸ ಮಾಡಿದರು, ಮೊಲ ಕೋಳಿಗಳನ್ನು ನೋಡಿಕೊಂಡರು. ಅಮೆರಿಕದ ವೈದ್ಯ ಬೆಂಜಮಿನ್ ರಷ್ 1812ರ ತನ್ನ ಗ್ರಂಥದಲ್ಲಿ, ಸೌದೆ ಒಡೆಯುವ, ತೋಟ ಅಗೆಯುವ ರೋಗಿಗಳು ಚೇತರಿಸಿಕೊಳ್ಳುತ್ತಾರೆಂದೂ, ಅಂತಸ್ತಿನ ಕಾರಣಕ್ಕೆ ಕೆಲಸದಿಂದ ವಿನಾಯಿತಿ ಪಡೆದವರು ಸೊರಗುತ್ತಾರೆಂದೂ ಗುರುತಿಸಿದ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿ ತೋಟಗಾರಿಕೆ ಒಂದು ಶಾಖೆಯಾಗಿದೆ. ಬೆಳ್ತಂಗಡಿ ತಾಲೂಕಿನ ನೆರಿಯದ ಗಂಡಿಬಾಗಿಲಿನಲ್ಲಿರುವ ಸಿಯೋನ್ ಆಶ್ರಮದಂಥ ಕ್ರೈಸ್ತ ಪ್ರೇರಣೆಯ ಆಶ್ರಯಧಾಮಗಳು ಮನೆಮಠ ಕಳೆದುಕೊಂಡ ಮಾನಸಿಕ ರೋಗಿಗಳಿಗೆ ಇಂದು ನೆಲೆಯಾಗಿವೆ. ಮುಲ್ಲರ್ ಕಾಲದಲ್ಲಿ ಕುಷ್ಠರೋಗಿಗೆ ಮುಚ್ಚಿದ ಬಾಗಿಲು ಈಗ ಹೆಚ್ಚಾಗಿ ಇವರಿಗೆ ಮುಚ್ಚುತ್ತಿದೆ.

ಅಳತೆಗೆ ಸಿಕ್ಕಿದ್ದೆಷ್ಟು?

ಅನುಭವದ ಮಾತಿಗೆ ಅಂಕಿಅಂಶ ಸೇರತೊಡಗಿದ್ದು ತೀರ ಈಚೆಗೆ. ಅಮೆರಿಕದ ರೋಜರ್ ಉಲ್ರಿಕ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬೇಕಾದ ತೀವ್ರ ನೋವುನಿವಾರಕಗಳೂ ಕಡಿಮೆ. 2011ರಲ್ಲಿ ನೆದರ್ಲೆಂಡ್ಸಿನಲ್ಲಿ 30 ಮಂದಿ ತೋಟಗಾರರಿಗೆ ಒತ್ತಡ ಉಂಟುಮಾಡುವ ಕೆಲಸ ಕೊಟ್ಟು, ಬಳಿಕ ಅರ್ಧ ಗಂಟೆ ಕೆಲವರನ್ನು ತೋಟಕ್ಕೂ ಕೆಲವರನ್ನು ಓದಿಗೂ ಹಚ್ಚಿದರು. ಒತ್ತಡದ ಹಾರ್ಮೋನು ತೋಟದಲ್ಲಿದ್ದವರಲ್ಲಿ ಹೆಚ್ಚು ಇಳಿಯಿತು.

ಇವೆಲ್ಲಕ್ಕಿಂತ ಗಟ್ಟಿಯಾದದ್ದು ಅಮೆರಿಕದ ಡೆನ್ವರ್ ಪ್ರದೇಶದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ. 37 ಸಮುದಾಯ ತೋಟಗಳಲ್ಲಿ ಜಾಗಕ್ಕಾಗಿ ಕಾಯುತ್ತಿದ್ದ 291 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಕ್ಷಣ ಮಡಿ ಕೊಟ್ಟರು, ಇನ್ನೊಂದನ್ನು ಒಂದು ವರ್ಷ ಕಾಯಿಸಿದರು. ತೋಟ ಸಿಕ್ಕವರ ಊಟದಲ್ಲಿ ನಾರಿನಂಶ ದಿನಕ್ಕೆ ಸುಮಾರು 1.4 ಗ್ರಾಂ ಹೆಚ್ಚಿತು. ಚಟುವಟಿಕೆ ತುಸು ಹೆಚ್ಚಿತು. ಒತ್ತಡ, ಆತಂಕ ಇಳಿದವು. ಪವಾಡವೆನ್ನುವಷ್ಟು ದೊಡ್ಡ ಅಂಕಿಗಳಲ್ಲ ಇವು. ತೋಟದಿಂದ ಕ್ಯಾನ್ಸರ್ ವಾಸಿಯಾಗುವುದಿಲ್ಲ, ಮಾತ್ರೆ ಬಿಡಬಹುದೆಂದೂ ಅರ್ಥವಲ್ಲ. ಆದರೆ ಲಾಭ ಇದೆ, ಮತ್ತು ಅದರಲ್ಲಿ ಒಂದು ಪಾಲು ನೆರೆಹೊರೆಯವರೊಡನೆ ಕೂಡಿ ಬೆಳೆಯುವುದರಿಂದ ಬರುವಂಥದು.

ಹೊಸ ತೆನೆಯ ಪಾಲು

ದಕ್ಷಿಣ ಕನ್ನಡದಲ್ಲಿ ಸಮುದಾಯ ತೋಟದ ಮಾತೆತ್ತಿದರೆ ನಗುವವರಿರಬಹುದು. ಪ್ರತಿ ಮನೆಗೂ ತೆಂಗು, ಅಡಿಕೆ, ಬಸಳೆಯ ಚಪ್ಪರ ಇರುವ ಊರಿನಲ್ಲಿ ಅದೇಕೆ ಬೇಕು? ಆದರೆ ಈ ತೋಟಗಳ ನಡುವೆ ಈಗ ಮುರಕಲ್ಲಿನ ಆವರಣ ಗೋಡೆಗಳೆದ್ದಿವೆ. ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗಿ, ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು ಉಳಿದ ಕುಟುಂಬಗಳು ಎಲ್ಲ ಧರ್ಮಗಳಲ್ಲೂ ಇವೆ. ತೋಟವಿದೆ, ಕೂಡಿ ದುಡಿಯುವ ಸಮುದಾಯ ಸೊರಗಿದೆ.

ಕೂಡಿ ಹಂಚಿಕೊಳ್ಳುವ ಪದ್ಧತಿ ಇಲ್ಲಿ ಹೊಸದಲ್ಲ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದ 1763ರಲ್ಲಿ ಮೊಂತಿ ಹಬ್ಬವನ್ನು ಆರಂಭಿಸಿದರೆಂದು ಹೇಳುತ್ತಾರೆ. ಸೆಪ್ಟೆಂಬರ್ 8ರ ಮೊದಲು ಒಂಬತ್ತು ದಿನ ಮಕ್ಕಳು ತಮ್ಮ ಹಿತ್ತಲಿನ ಹೂಗಳನ್ನು ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಮನೆಗೆ ಬರುತ್ತದೆ. ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಯ ಪ್ರತಿಯೊಬ್ಬರೂ ಸೇವಿಸಬೇಕು. ಹಾಸಿಗೆ ಹಿಡಿದವರಿಗೂ ಪಾಲಿದೆ. ದೂರದಲ್ಲಿರುವವರಿಗೆ ಕಾಳನ್ನು ಅಂಚೆಯಲ್ಲಿ ಕಳುಹಿಸುವ ರೂಢಿಯೂ ಇತ್ತು. ತುಳುವರು ತೆನೆ ತಂದು ಮನೆ ತುಂಬಿಸಿಕೊಳ್ಳುವ ಆಚರಣೆ, ಹೊಸ ಅಕ್ಕಿಯ ಊಟಗಳ ಜೊತೆಗಿಟ್ಟು ನೋಡಿದರೆ, ಒಂದೇ ಮಣ್ಣಿನ ಎರಡು ಹಬ್ಬಗಳು ಇವೆಂಬುದು ತಿಳಿಯುತ್ತದೆ.

ಈ ಹಬ್ಬವನ್ನು ಕಂಡ ಜನ 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಬದುಕಿ ಉಳಿದವರು 1799ರ ಬಳಿಕ ಮರಳಿ ಬಂದು ಮತ್ತೆ ಬೇಸಾಯಕ್ಕೆ ನಿಂತರು. ಎಲ್ಲ ಕಳೆದುಕೊಂಡವರಿಗೆ ಮೊದಲ ತೆನೆಯ ಪಾಲು ಏನಾಗಿದ್ದಿರಬೇಕೆಂದು ಊಹಿಸಬಹುದು.

ಭಾರತ ಸರ್ಕಾರ ಕುಷ್ಠವು ಇನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಲ್ಲವೆಂದು ಸಾರಿದ್ದು 2005ರ ಅಂತ್ಯದ ಸ್ಥಿತಿಯನ್ನು ಆಧರಿಸಿ. ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ. ಮಾತ್ರೆ ಉಚಿತವಾಗಿ ಸಿಗುತ್ತದೆ, ರೋಗ ಪೂರ್ತಿ ವಾಸಿಯಾಗುತ್ತದೆ. ಆದರೂ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ನಿಯಮವನ್ನು ವಿವಾಹ ಕಾನೂನುಗಳಿಂದ ತೆಗೆದುಹಾಕಿದ್ದು 2019ರಲ್ಲಿ. ಮದ್ದು ಬಂದ ಎಷ್ಟೋ ವರ್ಷಗಳ ಮೇಲೆ ಕಾನೂನು ಬಂತು. ನೆರೆಮನೆಯ ಮನಸ್ಸು ಅದಕ್ಕಿಂತಲೂ ನಿಧಾನ.

ಮಾತ್ರೆಯ ಕೆಲಸ ಆರು ತಿಂಗಳಲ್ಲೋ ವರ್ಷದಲ್ಲೋ ಮುಗಿಯುತ್ತದೆ. ಅಲ್ಲಿಂದ ಮುಂದಿನದು ಅವನು ಬೆಳೆದ ಬದನೆಕಾಯಿಯನ್ನು ನೆರೆಯವರು ಕೊಂಡುಹೋಗಿ ಪದಾರ್ಥ ಮಾಡುತ್ತಾರೆಯೇ ಎಂಬ ಪ್ರಶ್ನೆ. ಕುಷ್ಠವಿರಲಿ, ಮನೋರೋಗವಿರಲಿ, ಮುದಿತನದ ಒಂಟಿತನವಿರಲಿ, ಆ ಬದನೆಕಾಯಿ ಬೇಲಿ ದಾಟಿದ ದಿನ ಮನುಷ್ಯ ಗುಣವಾದ ಹಾಗೆ.